ಮನೆಯಿಂದಲೇ ಸೂರ್ಯಗ್ರಹಣ: ನೋಡುವುದು ಹೇಗೆ, ಫೋಟೊ ತೆಗೆಯುವುದು ಹೇಗೆ

ಗ್ರಹಣ ಹತ್ತಿರ ಬಂದಾಗಲೆಲ್ಲ ಅದೇ ಪ್ರಶ್ನೆಗಳು ಬರುತ್ತವೆ. ಹಳೇ ಎಕ್ಸ್‌ರೇ ಹಿಡಿದು ನೋಡಬಹುದಾ? ಮೊಬೈಲಿನಲ್ಲಿ ಫೋಟೊ ಬರುತ್ತಾ? ಗ್ರಹಣ ಕನ್ನಡಕ ಸಿಗಲಿಲ್ಲ, ಈಗ ಏನು ಮಾಡೋದು?

ಮೊದಲೇ ಉತ್ತರ ಹೇಳಿಬಿಡುತ್ತೇನೆ. ಎಕ್ಸ್‌ರೇ ಖಂಡಿತ ಬೇಡ. ಮೊಬೈಲಿನಲ್ಲಿ ಒಳ್ಳೆಯ ಫೋಟೊ ಬರುತ್ತದೆ, ಆದರೆ ಅದನ್ನು ಆಕಾಶಕ್ಕೆ ಹಿಡಿದಾಗ ಅಲ್ಲ. ಕನ್ನಡಕ ಇಲ್ಲದಿದ್ದರೂ ಇಡೀ ಗ್ರಹಣವನ್ನು ಮನೆಯ ಗೋಡೆಯ ಮೇಲೆ ನೋಡಬಹುದು. ಅದಕ್ಕೆ ಬೇಕಾಗಿರುವುದು ಒಂದು ಚಿಕ್ಕ ಕನ್ನಡಿ, ಒಂದು ತುಂಡು ಕಾಗದ, ಸ್ವಲ್ಪ ಅಂಟುಪಟ್ಟಿ. ಇನ್ನು ಒಂದೊಂದಾಗಿ ನೋಡೋಣ.

1. ಯಾವ ಗ್ರಹಣ, ನಿಮ್ಮಲ್ಲಿ ಎಷ್ಟು ಗಂಟೆಗೆ?

ಒಂದೇ ಗ್ರಹಣ ಎಲ್ಲರಿಗೂ ಒಂದೇ ಥರ ಕಾಣುವುದಿಲ್ಲ. ಚಂದ್ರ ಸೂರ್ಯನ ಒಂದು ಭಾಗವನ್ನಷ್ಟೇ ಮುಚ್ಚಿದರೆ ಪಾರ್ಶ್ವ ಗ್ರಹಣ. ಪೂರ್ತಿ ಮುಚ್ಚಿದರೆ ಪೂರ್ಣ ಗ್ರಹಣ, ಅಂದರೆ ಖಗ್ರಾಸ. ಚಂದ್ರ ಭೂಮಿಯಿಂದ ದೂರದಲ್ಲಿದ್ದು ಸೂರ್ಯನಿಗಿಂತ ಚಿಕ್ಕದಾಗಿ ಕಂಡಾಗ ಸುತ್ತ ಬೆಂಕಿಯ ಬಳೆಯೊಂದು ಉಳಿಯುತ್ತದೆ. ಅದು ಕಂಕಣ ಗ್ರಹಣ.

ಉದಾಹರಣೆಗೆ 2027ರ ಆಗಸ್ಟ್ 2ರ ಗ್ರಹಣ. ಸ್ಪೇನಿನ ದಕ್ಷಿಣ ತುದಿ, ಉತ್ತರ ಆಫ್ರಿಕಾ, ಅರೇಬಿಯಾ ದಾಟಿ ಹೋಗುವ ಒಂದು ಕಿರಿದಾದ ಪಟ್ಟಿಯಲ್ಲಿ ಇರುವವರಿಗೆ ಅದು ಪೂರ್ಣ ಗ್ರಹಣ. ಈಜಿಪ್ಟಿನ ಲಕ್ಸಾರ್ ಬಳಿ 6 ನಿಮಿಷಕ್ಕೂ ಜಾಸ್ತಿ ಹೊತ್ತು ಸೂರ್ಯ ಪೂರ್ತಿ ಮುಚ್ಚಿರುತ್ತಾನೆ. ಆ ಪಟ್ಟಿಯ ಆಚೀಚೆ ಇರುವವರಿಗೆ ಅದೇ ಗ್ರಹಣ ಪಾರ್ಶ್ವವಾಗಿ ಕಾಣುತ್ತದೆ. ಈ ವ್ಯತ್ಯಾಸ ಗೊತ್ತಿರಲೇಬೇಕು. ಕಣ್ಣಿನ ಸುರಕ್ಷತೆಯ ನಿಯಮಗಳೆಲ್ಲ ಇದರ ಮೇಲೆಯೇ ನಿಂತಿವೆ.

ನಿಮ್ಮ ಊರಿಗೆ ಮೂರು ಸಮಯಗಳನ್ನು ಬರೆದಿಟ್ಟುಕೊಳ್ಳಿ. ಸ್ಪರ್ಶ (ಚಂದ್ರನ ಅಂಚು ಸೂರ್ಯನನ್ನು ಮುಟ್ಟುವ ಹೊತ್ತು), ಮಧ್ಯ (ಅತಿ ಹೆಚ್ಚು ಮುಚ್ಚಿರುವ ಹೊತ್ತು), ಮೋಕ್ಷ (ಪೂರ್ತಿ ಬಿಡುವ ಹೊತ್ತು). ಸ್ಟೆಲ್ಲೇರಿಯಂ ಎಂಬ ಉಚಿತ ತಂತ್ರಾಂಶದಲ್ಲಿ ನಿಮ್ಮ ಊರು, ದಿನಾಂಕ ಹಾಕಿದರೆ ಗ್ರಹಣ ಹೇಗೆ ನಡೆಯುತ್ತದೆಂದು ಚಿತ್ರದಲ್ಲೇ ನೋಡಬಹುದು. ಎಡವುವುದು ಸಾಮಾನ್ಯವಾಗಿ ಇಲ್ಲಿ: ಸಮಯವನ್ನು ಜಾಗತಿಕ ಕಾಲಮಾನದಲ್ಲಿ ಕೊಟ್ಟಿರುತ್ತಾರೆ, ನಾವು ಅದನ್ನೇ ನಮ್ಮ ಗಡಿಯಾರದ ಸಮಯ ಅಂದುಕೊಂಡಿರುತ್ತೇವೆ.

2. ಜಾಗವನ್ನು ಹಿಂದಿನ ದಿನವೇ ಗೊತ್ತು ಮಾಡಿ

ಇದಕ್ಕೆ ಲೆಕ್ಕಾಚಾರ ಬೇಡ. ಗ್ರಹಣದ ಹಿಂದಿನ ದಿನ, ಅದೇ ಹೊತ್ತಿಗೆ, ಬಿಸಿಲು ನಿಮ್ಮ ಮನೆಯಲ್ಲಿ ಎಲ್ಲೆಲ್ಲಿ ಬೀಳುತ್ತದೆ ನೋಡಿ. ಬಾಲ್ಕನಿಯೋ ಅಂಗಳವೋ ತಾರಸಿಯೋ, ಸ್ಪರ್ಶದಿಂದ ಮೋಕ್ಷದವರೆಗೂ ಬಿಸಿಲಿರುವ ಜಾಗ ಬೇಕು. ಗ್ರಹಣ ಸಾಮಾನ್ಯವಾಗಿ ಎರಡರಿಂದ ಮೂರು ಗಂಟೆ ನಡೆಯುತ್ತದೆ. ಅಷ್ಟರಲ್ಲಿ ಸೂರ್ಯ ಆಕಾಶದಲ್ಲಿ 30ರಿಂದ 45 ಡಿಗ್ರಿ ಸರಿದಿರುತ್ತಾನೆ. ಶುರುವಿನಲ್ಲಿ ಚೆನ್ನಾಗಿ ಕಂಡವನು ನಡುವೆ ಪಕ್ಕದ ಕಟ್ಟಡದ ಹಿಂದೆ ಹೋಗಿಬಿಡಬಹುದು.

ಕಿಟಕಿಯ ಗಾಜಿನ ಮೂಲಕ ಫೋಟೊ ತೆಗೆಯಬೇಡಿ. ಆ ಗಾಜು ಲೆನ್ಸಿನಷ್ಟು ಸಮವಾಗಿರುವುದಿಲ್ಲ, ಚಿತ್ರ ಮಬ್ಬಾಗುತ್ತದೆ. ಕಾದ ಕಾಂಕ್ರೀಟಿನ ಮೇಲಿಂದ ಏಳುವ ಬಿಸಿಗಾಳಿಯೂ ಸೂರ್ಯನ ಅಂಚನ್ನು ನಡುಗಿಸುತ್ತದೆ. ಮಣ್ಣು ಅಥವಾ ಹುಲ್ಲಿರುವ ಜಾಗ ಸಿಕ್ಕರೆ ಉತ್ತಮ.

3. ಮೊದಲು ಕಣ್ಣು

ಇದನ್ನು ಓದದೆ ಮುಂದೆ ಹೋಗಬೇಡಿ ಎಂದು ಕೇಳಿಕೊಳ್ಳುತ್ತೇನೆ.

ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪರದೆ ಇದೆ. ಅದೇ ಅಕ್ಷಿಪಟ, ಅಂದರೆ ರೆಟಿನಾ. ನೇರವಾಗಿ ಸೂರ್ಯನನ್ನು ನೋಡಿದಾಗ ಕಣ್ಣಿನ ಮಸೂರ ಆ ಬೆಳಕನ್ನೆಲ್ಲ ಅಕ್ಷಿಪಟದ ಒಂದು ಚುಕ್ಕೆಯ ಮೇಲೆ ಒಟ್ಟುಮಾಡುತ್ತದೆ. ಅಲ್ಲಿನ ಕೋಶಗಳು ಹಾಳಾಗುತ್ತವೆ. ಅಕ್ಷಿಪಟಕ್ಕೆ ನೋವು ತಿಳಿಯುವುದಿಲ್ಲ. ಹಾಗಾಗಿ ಹಾನಿ ಆಗುತ್ತಿರುವಾಗ ಏನೂ ಗೊತ್ತಾಗುವುದಿಲ್ಲ. ದೃಷ್ಟಿ ಮಸುಕಾದದ್ದು ಎಷ್ಟೋ ಗಂಟೆಗಳ ನಂತರ ತಿಳಿಯುತ್ತದೆ.

ಹಾಗಾದರೆ ಬೇರೆ ದಿನ ಯಾಕೆ ಹೀಗಾಗುವುದಿಲ್ಲ? ಬೇರೆ ದಿನ ಸೂರ್ಯ ಕಣ್ಣು ಕುಕ್ಕುತ್ತಾನೆ, ನಾವೇ ಮುಖ ತಿರುಗಿಸುತ್ತೇವೆ. ಗ್ರಹಣದಲ್ಲಿ ಬೆಳಕು ತಗ್ಗಿರುತ್ತದೆ, ಕುತೂಹಲ ಇರುತ್ತದೆ, ದಿಟ್ಟಿಸಿ ನೋಡುತ್ತೇವೆ. ಆದರೆ ಕಾಣುತ್ತಿರುವ ಚೂರು ಸೂರ್ಯನ ಪ್ರಖರತೆ ಸ್ವಲ್ಪವೂ ಕಡಿಮೆಯಾಗಿರುವುದಿಲ್ಲ. 99 ಭಾಗ ಮುಚ್ಚಿ ಒಂದೇ ಭಾಗ ಉಳಿದಿದ್ದರೂ ಅದು ಹುಣ್ಣಿಮೆ ಚಂದ್ರನಿಗಿಂತ ಸಾವಿರಾರು ಪಟ್ಟು ಪ್ರಕಾಶಮಾನ.

ಬಳಸಬಹುದಾದವು ಎರಡೇ. ಒಂದು, ಐಎಸ್‌ಒ 12312-2 ಮಾನದಂಡಕ್ಕೆ ತಕ್ಕಂತೆ ತಯಾರಾದ ಗ್ರಹಣ ಕನ್ನಡಕ. ಇನ್ನೊಂದು, 12ರಿಂದ 14ರ ಶೇಡಿನ ವೆಲ್ಡಿಂಗ್ ಗಾಜು. ಶೇಡ್ ಎಂದರೆ ಗಾಜು ಎಷ್ಟು ಕಪ್ಪು ಎಂಬುದರ ಸಂಖ್ಯೆ. ವೆಲ್ಡಿಂಗ್ ಕೆಲಸಕ್ಕೆ ದಿನನಿತ್ಯ ಬಳಸುವ ಗಾಜು ಇದಕ್ಕಿಂತ ಕಡಿಮೆ ಶೇಡಿನದ್ದೂ ಇರಬಹುದು. ಸಂಖ್ಯೆ ಗೊತ್ತಿಲ್ಲದಿದ್ದರೆ ಮುಟ್ಟಬೇಡಿ.

ಕನ್ನಡಕದ ಮೇಲೆ ಸಂಖ್ಯೆ ಅಚ್ಚಾಗಿದೆ ಎಂದ ಮಾತ್ರಕ್ಕೆ ನಂಬುವ ಹಾಗಿಲ್ಲ, ಯಾರು ಬೇಕಾದರೂ ಅಚ್ಚು ಹಾಕಬಹುದು. ನೀವೇ ಪರೀಕ್ಷಿಸಿ. ಮನೆಯೊಳಗೆ ಹಾಕಿಕೊಂಡರೆ ಏನೂ ಕಾಣಬಾರದು. ಪೀಠೋಪಕರಣ, ಗೋಡೆ, ಕಿಟಕಿಯ ಹೊರಗಿನ ಮರ, ಯಾವುದೂ ಕಾಣಬಾರದು. ಬಹಳ ಪ್ರಖರವಾದ ದೀಪ ಮಂಕಾಗಿ ಕಂಡರೆ ಪರವಾಗಿಲ್ಲ. ನಂತರ ದೀಪಕ್ಕೆ ಹಿಡಿದು ಫಿಲ್ಮಿನಲ್ಲಿ ಗೀರು, ಸೂಜಿಮೊನೆಯಷ್ಟು ತೂತು, ಮಡಿಕೆ ಇದೆಯಾ ನೋಡಿ. ಒಂದು ಇದ್ದರೂ ಕತ್ತರಿಸಿ ಎಸೆಯಿರಿ. ಕತ್ತರಿಸದೆ ಎಸೆದರೆ ಇನ್ಯಾರೋ ಮಗು ಅದನ್ನು ಹೆಕ್ಕಿಕೊಳ್ಳಬಹುದು.

ಬಳಸಬಾರದ ವಸ್ತುಗಳು: ಎಕ್ಸ್‌ರೇ ಫಿಲ್ಮ್, ಹಳೇ ಫೋಟೊ ನೆಗೆಟಿವ್, ಸಿಡಿ, ಮಸಿ ಹಿಡಿಸಿದ ಗಾಜು, ತಂಪು ಕನ್ನಡಕ (ಎರಡು ಮೂರು ಒಂದರ ಮೇಲೊಂದು ಹಾಕಿದರೂ), ಬಕೆಟ್ ನೀರಿನಲ್ಲಿ ಕಾಣುವ ಪ್ರತಿಬಿಂಬ. ಇವುಗಳಲ್ಲಿ ಸೂರ್ಯ ಮಂಕಾಗಿ ಕಾಣುತ್ತಾನೆ, ಅದಕ್ಕೇ ಇವು ಅಪಾಯಕಾರಿ. ಬೆಳಕು ಕಡಿಮೆ ಆಯಿತು ಅನಿಸುತ್ತದೆ, ಆದರೆ ಸಾಕಾಗುವಷ್ಟು ಕಡಿಮೆಯಾಗಿರುವುದಿಲ್ಲ. ಕಣ್ಣಿಗೆ ಕಾಣದ ಅವಗೆಂಪು ಕಿರಣಗಳು ಧಾರಾಳವಾಗಿ ಒಳಗೆ ಬರುತ್ತಿರುತ್ತವೆ. ತೆಳು ಮೋಡವೂ ರಕ್ಷಣೆ ಕೊಡುವುದಿಲ್ಲ.

ಕನ್ನಡಕ ಹಾಕುವುದಕ್ಕೂ ಒಂದು ಕ್ರಮ ಇದೆ. ತಲೆ ತಗ್ಗಿಸಿ ಹಾಕಿಕೊಳ್ಳಿ, ನಂತರ ಮೇಲೆ ನೋಡಿ. ಮತ್ತೆ ತಲೆ ತಗ್ಗಿಸಿ, ನಂತರ ತೆಗೆಯಿರಿ. ದೃಷ್ಟಿಯ ಕನ್ನಡಕ ಇದ್ದವರು ಅದರ ಮೇಲೆಯೇ ಇದನ್ನು ಹಾಕಿಕೊಳ್ಳಬಹುದು. ಮಕ್ಕಳ ಪಕ್ಕದಲ್ಲಿ ಯಾವಾಗಲೂ ದೊಡ್ಡವರೊಬ್ಬರು ಇರಲಿ.

ಕೊನೆಯದಾಗಿ, ಗ್ರಹಣ ಕನ್ನಡಕ ಹಾಕಿಕೊಂಡು ಬೈನಾಕ್ಯುಲರ್, ದೂರದರ್ಶಕ, ಕ್ಯಾಮೆರಾ ಇವುಗಳಲ್ಲಿ ಇಣುಕಲೇಬೇಡಿ. ದೊಡ್ಡ ಲೆನ್ಸು ಒಟ್ಟುಮಾಡಿದ ಬಿಸಿ ಆ ತೆಳು ಫಿಲ್ಮನ್ನು ಕ್ಷಣದಲ್ಲಿ ಸುಟ್ಟು ಕಣ್ಣಿಗೆ ತಲುಪುತ್ತದೆ. ಉಪಕರಣಕ್ಕೆ ಹಾಕುವ ಸೌರ ಫಿಲ್ಟರ್ ಯಾವಾಗಲೂ ಮುಂಭಾಗದಲ್ಲಿ, ಸೂರ್ಯನ ಕಡೆಗೆ ಇರಬೇಕು.

4. ಸೂರ್ಯನಿಗೆ ಬೆನ್ನು ಮಾಡಿ ನೋಡುವ ವಿಧಾನಗಳು

ನನಗೆ ತುಂಬ ಇಷ್ಟವಾದ ಭಾಗ ಇದು. ಇಲ್ಲಿ ಅಪಾಯ ಬಹಳ ಕಡಿಮೆ, ಮನೆಮಂದಿಯೆಲ್ಲ ಒಟ್ಟಿಗೆ ನೋಡಬಹುದು, ಮೊಬೈಲಿನ ಅತ್ಯುತ್ತಮ ಫೋಟೊಗಳೂ ಇಲ್ಲೇ ಸಿಗುತ್ತವೆ.

*ಸೂಜಿರಂಧ್ರ.* ದಪ್ಪ ಕಾಗದದಲ್ಲಿ ಒಂದು ಮಿಲಿಮೀಟರಿನಷ್ಟು ತೂತು ಮಾಡಿ. ಸೂರ್ಯನಿಗೆ ಬೆನ್ನು ಹಾಕಿ ನಿಂತು, ಬಿಸಿಲು ಆ ತೂತಿನಿಂದ ಹಾದು ಇನ್ನೊಂದು ಬಿಳಿ ಕಾಗದದ ಮೇಲೆ ಬೀಳುವಂತೆ ಹಿಡಿಯಿರಿ. ಕಾಣುವ ದುಂಡು ಬೆಳಕು ಸೂರ್ಯನ ಬಿಂಬ, ತಲೆಕೆಳಗಾಗಿ. ಗ್ರಹಣ ಮುಂದುವರಿದಂತೆ ಅದನ್ನು ಯಾರೋ ಕಚ್ಚಿ ತಿಂದ ಹಾಗೆ ಕಾಣುತ್ತದೆ.

ಇಲ್ಲಿ ತುಂಬ ಜನ ನಿರಾಶರಾಗುವುದು ಬಿಂಬ ತೀರಾ ಚಿಕ್ಕದು ಎಂದು. ಲೆಕ್ಕ ಸುಲಭ. ತೂತಿನಿಂದ ಪರದೆಗೆ ಇರುವ ದೂರವನ್ನು 109ರಿಂದ ಭಾಗಿಸಿದರೆ ಬಿಂಬದ ಅಗಲ ಸಿಗುತ್ತದೆ. ಒಂದು ಮೀಟರ್ ದೂರಕ್ಕೆ 9 ಮಿಲಿಮೀಟರ್ ಮಾತ್ರ. ತೂತು ದೊಡ್ಡದು ಮಾಡಿದರೆ ಬಿಂಬ ದೊಡ್ಡದಾಗುವುದಿಲ್ಲ, ಸುಮ್ನೆ ಮಬ್ಬಾಗುತ್ತದೆ. ದೂರ ಹೆಚ್ಚಿಸುವುದೇ ದಾರಿ.

*ಜರಡಿ ಮತ್ತು ಎಲೆಗಳು.* ತೂತುಗಳಿರುವ ಜರಡಿ ಅಥವಾ ಸೋಸುವ ಪಾತ್ರೆಯನ್ನು ಬಿಸಿಲಿಗೆ ಹಿಡಿದರೆ ನೆಲದ ಮೇಲೆ ಹತ್ತಾರು ಪುಟ್ಟ ಸೂರ್ಯರು. ಎರಡು ಕೈಗಳ ಬೆರಳುಗಳನ್ನು ಅಡ್ಡಡ್ಡ ಇಟ್ಟರೂ ಆಗುತ್ತದೆ. ಮರವೊಂದಿದ್ದರೆ ಅದರ ನೆರಳನ್ನು ನೋಡಿ. ಎಲೆಗಳ ಸಂದಿಯಿಂದ ಬಿದ್ದ ಬೆಳಕಿನ ಚುಕ್ಕೆಗಳೆಲ್ಲ ಕುಡುಗೋಲಿನಂತೆ ಬಾಗಿರುತ್ತವೆ. ಮೊದಲ ಬಾರಿ ನೋಡಿದವರು ನಂಬುವುದೇ ಇಲ್ಲ.

*ಕನ್ನಡಿ ವಿಧಾನ.* ಅಂಗೈಯಷ್ಟಗಲದ ಚಪ್ಪಟೆ ಕನ್ನಡಿ ತೆಗೆದುಕೊಳ್ಳಿ. ಮುಖ ದೊಡ್ಡದಾಗಿ ತೋರಿಸುವ ಒಳಬಾಗಿದ ಕನ್ನಡಿ ಬೇಡ, ಅದು ಬೆಂಕಿ ಹೊತ್ತಿಸಬಹುದು. ಕಾಗದದಲ್ಲಿ 5 ಮಿಲಿಮೀಟರಿನ ತೂತು ಮಾಡಿ ಕನ್ನಡಿಯ ಮೇಲೆ ಅಂಟಿಸಿ. ತೂತು ಚೌಕವಾಗಿದ್ದರೂ ನಡೆಯುತ್ತದೆ. ಬಿಸಿಲಿರುವ ಕಡೆ ಕನ್ನಡಿಯನ್ನು ಇಟ್ಟು, ಬೆಳಕು ತೆರೆದ ಕಿಟಕಿ ಅಥವಾ ಬಾಗಿಲಿನಿಂದ ಒಳಬಂದು ಕತ್ತಲೆ ಕೋಣೆಯ ಗೋಡೆಗೆ ಬೀಳುವಂತೆ ತಿರುಗಿಸಿ. ಪರದೆ ಎಳೆದು ಕೋಣೆಯನ್ನು ಆದಷ್ಟು ಕತ್ತಲೆ ಮಾಡಿ.

5 ಮೀಟರ್ ದೂರಕ್ಕೆ ಬಿಂಬ ನಾಲ್ಕೂವರೆ ಸೆಂಟಿಮೀಟರ್, 10 ಮೀಟರಿಗೆ 9 ಸೆಂಟಿಮೀಟರ್. ಚೌಕ ತೂತಿನಿಂದಲೂ ದುಂಡು ಬಿಂಬವೇ ಬಂದರೆ ದೂರ ಸಾಕಷ್ಟಿದೆ ಎಂದರ್ಥ. ಬಿಂಬ ಚೌಕವಾಗಿ ಕಂಡರೆ ಕನ್ನಡಿಯನ್ನು ಇನ್ನಷ್ಟು ದೂರ ಒಯ್ಯಿರಿ.

ಎರಡು ಎಚ್ಚರಿಕೆ. ಕನ್ನಡಿಯನ್ನು ಕೈಯಲ್ಲಿ ಹಿಡಿದರೆ ಬಿಂಬ ಕುಣಿಯುತ್ತದೆ. ಮರಳು ಅಥವಾ ಅಕ್ಕಿ ತುಂಬಿದ ಬಟ್ಟಲಿನಲ್ಲಿ ಊರಿ ನಿಲ್ಲಿಸಿ, ಬೇಕಾದ ಕೋನಕ್ಕೆ ತಿರುಗಿಸುವುದೂ ಸುಲಭ. ಸೂರ್ಯ ಸರಿಯುತ್ತಿರುವುದರಿಂದ ಆಗಾಗ ಸರಿಪಡಿಸಬೇಕಾಗುತ್ತದೆ. ಇನ್ನೊಂದು, ಕೋಣೆಯಲ್ಲಿ ಇರುವವರು ಗೋಡೆಯನ್ನು ನೋಡಬೇಕೇ ಹೊರತು ಕನ್ನಡಿಯ ಕಡೆ ತಿರುಗಿ ನೋಡಬಾರದು. ಅದರಲ್ಲಿ ಕಾಣುವುದು ನೇರ ಸೂರ್ಯನೇ. ಬೆಳಕಿನ ದಾರಿಗೆ ಯಾರೂ ಬರದಂತೆ ಒಂದೆರಡು ಕುರ್ಚಿ ಅಡ್ಡ ಇಡಿ.

ಬೈನಾಕ್ಯುಲರ್‌ನಿಂದ ಬಿಂಬ ಬೀಳಿಸುವ ಪದ್ಧತಿಯೂ ಇದೆ. ಮಕ್ಕಳು ಓಡಾಡುವ ಮನೆಯಲ್ಲಿ ಅದನ್ನು ಮಾಡಿ ಎಂದು ನಾನು ಹೇಳಲಾರೆ. ಒಂದು ಕ್ಷಣ ಯಾರಾದರೂ ಅದಕ್ಕೆ ಕಣ್ಣಿಟ್ಟರೆ ಮುಗಿಯಿತು.

5. ಮೊಬೈಲಿನಲ್ಲಿ ಫೋಟೊ

ಆಕಾಶದಲ್ಲಿ ಸೂರ್ಯನ ಅಗಲ ಅರ್ಧ ಡಿಗ್ರಿ ಮಾತ್ರ. ಮೊಬೈಲಿನ ಮುಖ್ಯ ಕ್ಯಾಮೆರಾ 70 ಡಿಗ್ರಿಗೂ ಅಗಲವಾದ ನೋಟವನ್ನು ಹಿಡಿಯುತ್ತದೆ. ಹಾಗಾಗಿ 4000 ಪಿಕ್ಸೆಲ್ ಅಗಲದ ಚಿತ್ರದಲ್ಲಿ ಸೂರ್ಯನಿಗೆ ಸಿಗುವುದು 30ರ ಆಸುಪಾಸು ಪಿಕ್ಸೆಲ್. ಅದನ್ನು ಹಿಗ್ಗಿಸಿದರೆ ಬಿಳಿ ಉಂಡೆಯಷ್ಟೇ ಕಾಣುತ್ತದೆ.

ಹಾಗಾಗಿ ಮೊದಲು ಗೋಡೆಯ ಬಿಂಬ, ಎಲೆಗಳ ನೆರಳು, ಜರಡಿಯ ಕೆಳಗಿನ ಬೆಳಕು ಇವುಗಳ ಫೋಟೊ ತೆಗೆಯಿರಿ. ಕನ್ನಡಕ ಹಾಕಿ ಮೇಲೆ ನೋಡುತ್ತಿರುವ ಮನೆಯವರ ಮುಖಗಳನ್ನೂ ಬಿಡಬೇಡಿ. ನೆಲಕ್ಕೆ ಬಿಳಿ ಬಟ್ಟೆ ಹಾಸಿದರೆ ಚಂದ್ರಾಕಾರದ ಚುಕ್ಕೆಗಳು ಸ್ಪಷ್ಟವಾಗಿ ಬರುತ್ತವೆ.

ಸೂರ್ಯನನ್ನೇ ತೆಗೆಯಬೇಕು ಎಂದರೆ ಹೀಗೆ ಮಾಡಿ:

- ಮೊಬೈಲನ್ನು ಟ್ರೈಪಾಡಿನ ಮೇಲೆ ಅಥವಾ ಅಲುಗದ ಯಾವುದಕ್ಕಾದರೂ ಒರಗಿಸಿ ಇಡಿ.
- ಗ್ರಹಣ ಕನ್ನಡಕದ ಒಂದು ಫಿಲ್ಮನ್ನು ಲೆನ್ಸು ಪೂರ್ತಿ ಮುಚ್ಚುವಂತೆ ಅಂಟಿಸಿ. ನೋಡಲು ನಿಮಗೆ ಇನ್ನೊಂದು ಕನ್ನಡಕ ಇರಲಿ.
- ಫ್ಲ್ಯಾಶ್, ರಾತ್ರಿ ಮೋಡ್ ಎರಡನ್ನೂ ಆರಿಸಿ. ದೂರದ್ದನ್ನು ಹತ್ತಿರ ತರುವ ಟೆಲಿ ಲೆನ್ಸ್ ಇದ್ದರೆ ಅದನ್ನೇ ಬಳಸಿ.
- ಪರದೆಯಲ್ಲಿ ಸೂರ್ಯನ ಮೇಲೆ ಬೆರಳು ಒತ್ತಿ ಹಿಡಿದರೆ ಫೋಕಸ್ ಮತ್ತು ಬೆಳಕಿನ ಮಟ್ಟ ಸ್ಥಿರವಾಗುತ್ತದೆ. ಅಂಚು ಸ್ಪಷ್ಟವಾಗುವವರೆಗೂ ಬೆಳಕನ್ನು ಕೆಳಗಿಳಿಸಿ.
- 3 ಸೆಕೆಂಡಿನ ಟೈಮರ್ ಹಾಕಿ, ಮುಟ್ಟಿದ ಅಲುಗಾಟ ನಿಲ್ಲಲಿ.

ಫೋನಿನ ಪರದೆ ನೋಡುವುದರಿಂದ ಕಣ್ಣಿಗೆ ತೊಂದರೆ ಇಲ್ಲ. ಆದರೆ ಸೂರ್ಯನನ್ನು ಚೌಕಟ್ಟಿನೊಳಗೆ ತರಲು ಫೋನಿನ ಅಂಚಿನಾಚೆ ನೇರವಾಗಿ ನೋಡಿಬಿಡುತ್ತೇವೆ, ಅಲ್ವಾ? ಅಲ್ಲಿ ಹುಷಾರು. ಫೋನಿನ ನೆರಳು ನೆಲದ ಮೇಲೆ ಅತಿ ಚಿಕ್ಕದಾಗುವಂತೆ ತಿರುಗಿಸುತ್ತಾ ಹೋದರೆ ಅದು ಸರಿಯಾಗಿ ಸೂರ್ಯನ ಕಡೆಗಿರುತ್ತದೆ.

6. ದೊಡ್ಡ ಕ್ಯಾಮೆರಾ ಇದ್ದವರಿಗೆ

ಲೆನ್ಸಿನ ಮುಂದೆ ಸೌರ ಫಿಲ್ಟರ್ ಇರಲೇಬೇಕು. ಇದು ಬೆಳಕನ್ನು ಒಂದು ಲಕ್ಷದಲ್ಲಿ ಒಂದು ಭಾಗಕ್ಕೆ ಇಳಿಸುತ್ತದೆ. ಅದಕ್ಕೆ ಸಾಂದ್ರತೆ 5 ಎನ್ನುತ್ತಾರೆ. ಸಾಂದ್ರತೆ 3.8ರ ಫಿಲ್ಮೂ ಬರುತ್ತದೆ. ಅದು ಫೋಟೊಗೆ ಮಾತ್ರ, ಅದರ ಮೂಲಕ ಕಣ್ಣಿಟ್ಟು ನೋಡಬಾರದು. ನೀರು, ಜಲಪಾತ ತೆಗೆಯಲು ಬಳಸುವ ಸಾಮಾನ್ಯ ಎನ್‌ಡಿ ಫಿಲ್ಟರ್ (ಬೆಳಕು ಕಡಿಮೆ ಮಾಡುವ ಕಪ್ಪು ಗಾಜು) ಇಲ್ಲಿ ಸಾಲುವುದಿಲ್ಲ. ಫಿಲ್ಟರ್ ಇಲ್ಲದೆ ಟೆಲಿ ಲೆನ್ಸನ್ನು ಸೂರ್ಯನ ಕಡೆ ತಿರುಗಿಸಿದರೆ ಒಳಗಿನ ಷಟರ್, ಸೆನ್ಸರ್ ಸುಡಬಹುದು. ಇಣುಕುವ ಕಿಂಡಿಗೆ ಕಣ್ಣಿಟ್ಟಿದ್ದರೆ ಕಣ್ಣೂ ಹೋಗುತ್ತದೆ. ಗಾಳಿಗೆ ಹಾರದಂತೆ ಫಿಲ್ಟರನ್ನು ಅಂಟುಪಟ್ಟಿಯಿಂದ ಬಿಗಿಮಾಡಿ, ಹಿಂಬದಿಯ ಪರದೆಯಲ್ಲೇ ನೋಡಿ.

ಸೆನ್ಸರ್ ಮೇಲೆ ಸೂರ್ಯ ಎಷ್ಟು ದೊಡ್ಡದಾಗಿ ಬೀಳುತ್ತಾನೆ ಎಂಬುದಕ್ಕೂ ಅದೇ 109ರ ಲೆಕ್ಕ. 200 ಮಿ.ಮೀ. ಲೆನ್ಸಿನಲ್ಲಿ 2 ಮಿ.ಮೀ.ಗಿಂತ ಕಡಿಮೆ, 500ರಲ್ಲಿ ನಾಲ್ಕೂವರೆ. 400ರಿಂದ 600ರ ಲೆನ್ಸ್ ಇದ್ದರೆ ಧಾರಾಳವಾಯಿತು.

ಶುರುಮಾಡಲು ಈ ಅಳತೆಗಳು: ಐಎಸ್‌ಒ 100, ಅಪರ್ಚರ್ ಎಫ್/8, ಷಟರ್ 1/400 ಸೆಕೆಂಡ್. ಐಎಸ್‌ಒ ಅಂದರೆ ಸೆನ್ಸರಿನ ಸೂಕ್ಷ್ಮತೆ, ಅಪರ್ಚರ್ ಅಂದರೆ ಬೆಳಕು ಹಾಯುವ ಕಿಂಡಿಯ ಅಳತೆ, ಷಟರ್ ಅಂದರೆ ಸೆನ್ಸರಿನ ಮೇಲೆ ಬೆಳಕು ಬೀಳುವ ಹೊತ್ತು. ನಿಮ್ಮ ಫಿಲ್ಟರಿಗೆ ತಕ್ಕಂತೆ ಷಟರನ್ನು 1/125ರಿಂದ 1/1000ರವರೆಗೆ ಬದಲಿಸಿ ನೋಡಿ. ಎಲ್ಲವೂ ಕೈಯಿಂದ ಹೊಂದಿಸುವ ಮ್ಯಾನುಯಲ್ ಮೋಡಿನಲ್ಲೇ ಇರಲಿ. ಸ್ವಯಂಚಾಲಿತಕ್ಕೆ ಬಿಟ್ಟರೆ ಕ್ಯಾಮೆರಾ ಸುತ್ತಲಿನ ಕಪ್ಪನ್ನು ನೋಡಿ ಸೂರ್ಯನನ್ನು ಬೆಳ್ಳಗೆ ಮಾಡಿಬಿಡುತ್ತದೆ.

ಸಂತೋಷದ ವಿಷಯ ಏನೆಂದರೆ, ಇದನ್ನೆಲ್ಲ ಯಾವ ಬಿಸಿಲಿನ ದಿನವಾದರೂ ಅಭ್ಯಾಸ ಮಾಡಬಹುದು. ಮಾಮೂಲಿ ಸೂರ್ಯನಿಗೆ ಸರಿಹೋದ ಅಳತೆಯೇ ಪಾರ್ಶ್ವ ಗ್ರಹಣಕ್ಕೂ ಹೆಚ್ಚುಕಡಿಮೆ ಸರಿಹೋಗುತ್ತದೆ. ಗೆರೆಯಷ್ಟು ಉಳಿದಾಗ ಮಾತ್ರ ಷಟರನ್ನು ಒಂದು ಹೆಜ್ಜೆ ನಿಧಾನ ಮಾಡಿ, ಏಕೆಂದರೆ ಸೂರ್ಯನ ಅಂಚು ನಡುಭಾಗಕ್ಕಿಂತ ಸ್ವಲ್ಪ ಮಂಕು.

ಫೋಕಸ್ ಕೈಯಿಂದ ಮಾಡಿ. ಪರದೆಯಲ್ಲಿ ಹಿಗ್ಗಿಸಿ, ಸೂರ್ಯನ ಅಂಚು ಅಥವಾ ಸೂರ್ಯಕಲೆ (ಮೇಲ್ಮೈಯ ಕಪ್ಪು ಚುಕ್ಕೆ) ಚೂಪಾಗುವವರೆಗೆ ತಿರುಗಿಸಿ, ರಿಂಗಿಗೆ ಅಂಟುಪಟ್ಟಿ ಹಾಕಿ. ಒಮ್ಮೆ ನಾನು ಅಂಟುಪಟ್ಟಿ ಹಾಕಿರಲಿಲ್ಲ. ಕೈ ತಾಗಿ ರಿಂಗ್ ಜರುಗಿದ್ದು ಗೊತ್ತಾಗುವ ಹೊತ್ತಿಗೆ ಗ್ರಹಣದ ಅರ್ಧ ಚಿತ್ರಗಳು ಮಬ್ಬಾಗಿದ್ದವು. ಬಿಸಿಲಿಗೆ ಲೆನ್ಸು ಕಾದರೂ ಫೋಕಸ್ ಬದಲಾಗುತ್ತದೆ, ಅರ್ಧ ಗಂಟೆಗೊಮ್ಮೆ ನೋಡಿಕೊಳ್ಳಿ.

ಸೂರ್ಯ ತನ್ನ ಅಗಲದಷ್ಟು ಸರಿಯಲು ಎರಡೇ ನಿಮಿಷ ಸಾಕು. ಹಾಗಾಗಿ ಆಗಾಗ ಚೌಕಟ್ಟಿನ ನಡುವೆ ತರುತ್ತಿರಿ. ಐದು ನಿಮಿಷಕ್ಕೊಂದರಂತೆ ತೆಗೆದರೆ ನಂತರ ಎಲ್ಲವನ್ನೂ ಒಂದೇ ಸಾಲಿನಲ್ಲಿ ಜೋಡಿಸಬಹುದು. ಅದಕ್ಕಾಗಿ ಬಣ್ಣದ ಹೊಂದಿಕೆಯನ್ನು ಬಿಸಿಲಿಗೆ ಸ್ಥಿರವಾಗಿಡಿ, ರಾ ಕಡತ (ಕ್ಯಾಮೆರಾ ತಿದ್ದದ ಮೂಲ ಚಿತ್ರ) ಉಳಿಸಿ.

7. ನೀವು ಪೂರ್ಣ ಗ್ರಹಣದ ಪಟ್ಟಿಯೊಳಗಿದ್ದರೆ ಮಾತ್ರ

ಪಾರ್ಶ್ವ ಮತ್ತು ಕಂಕಣ ಗ್ರಹಣದಲ್ಲಿ ಒಂದು ಕ್ಷಣವೂ ಫಿಲ್ಟರ್ ತೆಗೆಯುವ ಹಾಗಿಲ್ಲ. ಕಂಕಣದ ಬಳೆ ಎಷ್ಟೇ ತೆಳ್ಳಗಿರಲಿ, ಅದು ಸೂರ್ಯನೇ.

ಪೂರ್ಣ ಗ್ರಹಣದಲ್ಲಿ ಕೊನೆಯ ಬೆಳಕಿನ ಹನಿ ಉಂಗುರದ ವಜ್ರದಂತೆ ಹೊಳೆದು ಆರುತ್ತದೆ. ಅದಾದ ಮೇಲೆ ಕನ್ನಡಕ ತೆಗೆದು ಬರಿಗಣ್ಣಿನಿಂದ ನೋಡಬಹುದು, ನೋಡಲೇಬೇಕು. ಸುತ್ತ ಹರಡಿದ ಬಿಳಿ ರೇಷ್ಮೆಯಂಥ ಪ್ರಭೆ ಕರೋನಾ, ಅಂದರೆ ಸೂರ್ಯನ ಹೊರ ವಾತಾವರಣ. ಕ್ಯಾಮೆರಾದ ಫಿಲ್ಟರನ್ನೂ ಆಗ ತೆಗೆಯಬೇಕು, ಇಲ್ಲದಿದ್ದರೆ ಚಿತ್ರ ಪೂರ್ತಿ ಕಪ್ಪು. ಕರೋನಾದ ಒಳಭಾಗ ಪ್ರಖರ, ಹೊರಭಾಗ ಮಂಕು. ಒಂದೇ ಅಳತೆಗೆ ಎರಡೂ ಸಿಗುವುದಿಲ್ಲ. ಎಫ್/8, ಐಎಸ್‌ಒ 100ರಲ್ಲಿ 1/2000ರಿಂದ 1 ಸೆಕೆಂಡಿನವರೆಗೆ ಸಾಲಾಗಿ ತೆಗೆಯಿರಿ.

ಇನ್ನೊಂದು ಬದಿಯಲ್ಲಿ ಬೆಳಕಿನ ಮೊದಲ ಹನಿ ಮೂಡಿದ ಕೂಡಲೇ ಕಣ್ಣು ತಿರುಗಿಸಿ, ಫಿಲ್ಟರ್ ಹಾಕಿ. ಎಷ್ಟು ಸೆಕೆಂಡ್ ಸಿಗುತ್ತದೆಂದು ಮೊದಲೇ ತಿಳಿದು ಫೋನಿನಲ್ಲಿ ಅಲಾರಂ ಇಡಿ. ಮೊದಲ ಬಾರಿ ಪೂರ್ಣ ಗ್ರಹಣ ನೋಡುವವರಿಗೆ ನನ್ನ ಸಲಹೆ, ಕ್ಯಾಮೆರಾ ತಾನಾಗಿ ತೆಗೆಯುವಂತೆ ಇಟ್ಟು ನೀವು ನೋಡಿ. ಇಲ್ಲದಿದ್ದರೆ ಆ ಎರಡು ಮೂರು ನಿಮಿಷ ಗುಂಡಿ ಒತ್ತುವುದರಲ್ಲೇ ಕಳೆದುಹೋಗುತ್ತದೆ.

8. ಆ ದಿನ, ಅದರ ನಂತರ

ಸ್ಪರ್ಶಕ್ಕೆ ಅರ್ಧ ಗಂಟೆ ಮೊದಲೇ ಎಲ್ಲವನ್ನೂ ಹೊಂದಿಸಿ. ಬ್ಯಾಟರಿ ತುಂಬಿರಲಿ, ಮೆಮೊರಿ ಕಾರ್ಡ್ ಖಾಲಿ ಇರಲಿ, ಟೋಪಿ ಮತ್ತು ಕುಡಿಯುವ ನೀರು ಪಕ್ಕದಲ್ಲಿರಲಿ. ಮೋಡ ಕವಿದರೆ ಎದ್ದು ಹೋಗಬೇಡಿ, ನಡುವೆ ಒಂದು ಸಂದಿ ಸಿಕ್ಕರೂ ಸಾಕು. ಹೆಚ್ಚು ಭಾಗ ಮುಚ್ಚಿದಾಗ ಬಿಸಿಲಿನ ಬಣ್ಣ ಮಂಕಾಗುವುದು, ಗಾಳಿ ತಣ್ಣಗಾಗುವುದು, ನೆರಳಿನ ಅಂಚು ವಿಚಿತ್ರವಾಗಿ ಚೂಪಾಗುವುದು ಇವೆಲ್ಲ ಗಮನಿಸಿ. ಇವು ಯಾವ ಫೋಟೊದಲ್ಲೂ ಸರಿಯಾಗಿ ಬರುವುದಿಲ್ಲ.

ಮುಗಿದ ಮೇಲೆ ಮೊದಲು ಲೆನ್ಸನ್ನು ಸೂರ್ಯನಿಂದ ಬೇರೆ ಕಡೆ ತಿರುಗಿಸಿ, ನಂತರ ಫಿಲ್ಟರ್ ತೆಗೆಯಿರಿ. ಅವಸರದಲ್ಲಿ ಈ ಕ್ರಮ ತಪ್ಪುವವರು ಬಹಳ. ಕನ್ನಡಕಗಳನ್ನು ಮಡಚದೆ ಲಕೋಟೆಯಲ್ಲಿ ಹಾಕಿಡಿ. ಗೀರು ಬೀಳದಿದ್ದರೆ ಮುಂದಿನ ಗ್ರಹಣಕ್ಕೂ ಬಳಸಬಹುದು.

ಮನೆಯಲ್ಲಿ ಯಾರಾದರೂ ಬರಿಗಣ್ಣಿನಿಂದ ನೋಡಿಬಿಟ್ಟಿದ್ದರೆ ಒಂದೆರಡು ದಿನ ಗಮನಿಸಿ. ನೋಟದ ನಟ್ಟನಡುವೆ ಮಸುಕು ಅಥವಾ ಕಪ್ಪು ಚುಕ್ಕೆ, ನೇರ ಗೆರೆ ಬಾಗಿದಂತೆ ಕಾಣುವುದು, ಬಣ್ಣ ಮಂಕಾಗುವುದು ಇದ್ದರೆ ತಡ ಮಾಡದೆ ಕಣ್ಣಿನ ವೈದ್ಯರಿಗೆ ತೋರಿಸಿ. ಮಕ್ಕಳು ಬೈಗುಳಕ್ಕೆ ಹೆದರಿ ಹೇಳದೇ ಇರಬಹುದು. ಒಂದು ಕಣ್ಣು ಮುಚ್ಚಿ ಓದು ನೋಡೋಣ, ಈಗ ಇನ್ನೊಂದು ಕಣ್ಣು ಮುಚ್ಚಿ ಓದು ಎಂದು ಮೆಲ್ಲಗೆ ಕೇಳಿ ನೋಡಿ.